ಬಂಗಾರವಿಟ್ಟು ಭಂಗಾರ ಕೊಳ್ಳಬೇಡಿ

ನೀರೊಳಗಿನ ಎಮ್ಮೆಗೆ ದಂಡೆಯ ಮೇಲೆ ನಿಂತು ಬೆಲೆ ಕಟ್ಟಬಾರದೆಂಬುದು ಹಿರಿಯರ ಮಾತು. ಎಮ್ಮೆಯ ವಿಷಯದಲ್ಲಿ ಈ ಎಚ್ಚರವನ್ನು ಮರೆಯದ ನಮ್ಮ ಜನ ಯಂತ್ರದ ವಿಷಯದಲ್ಲಿ ಮರೆಯುವುದುಂಟು. ಜತ್ತ, ಅಕ್ಕಲಕೋಟೆಗಳ ಕಡೆಯ ತರುಣರು ಐ.ಟಿ.ಐ. ಮುಗಿಸಿ, ಊರಿನಲ್ಲಿಯೇ ವರ್ಕ್‌ಶಾಪು ಹಾಕುವ ಹಂಬಲದಿಂದ ಹಳೆಯ ಲೇತು ಯಂತ್ರಗಳನ್ನು ಹುಡುಕುತ್ತಾರೆ. ಹಂಬಲವು ಮೆಚ್ಚತಕ್ಕದ್ದೇ. ಆದರೆ ಮಾರುವವನು, "ಇಲ್ಲಿ ಕರೆಂಟಿಲ್ಲ, ನಡೆಸಿ ತೋರಿಸಲಾಗದು, ಮಾಲು ಮಾತ್ರ ಗಟ್ಟಿ" ಎನ್ನುತ್ತಾನೆ. ಅಷ್ಟು ನಂಬಿ ತಾಯಿಯ ಮೈಮೇಲಿನ ಬಂಗಾರ ಅಡವಿಗೆ ಹೋಗಬೇಕೆ?

ಹಳೆಯದೆಂಬ ಕಾರಣಕ್ಕೆ ಯಂತ್ರವನ್ನು ಹೀಗಳೆಯಬೇಕಾಗಿಲ್ಲ. ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಸ್ಥಾಪನೆಯಾಯಿತು. ಅಲ್ಲಿಯ ಲೇತುಗಳು ಹೆಸರಾದವು. ಹರಿಹರದ ಆ ಕಾರ್ಖಾನೆ ಈಗ ಮುಚ್ಚಿರುವುದರಿಂದ, ಮುರಿದ ಭಾಗಕ್ಕೆ ಬದಲಿಯನ್ನು ತಯಾರಕರಿಂದ ನಿರೀಕ್ಷಿಸುವಂತಿಲ್ಲ. ಆದುದರಿಂದ ಕೊಳ್ಳುವವನೇ ಪರೀಕ್ಷಕನಾಗಬೇಕು.

ಕರೆಂಟಿಲ್ಲದಿದ್ದರೂ ಕೈಯಿಂದ ಪರೀಕ್ಷಿಸತಕ್ಕವು ಹಲವಿವೆ. ಮೊದಲನೆಯದು ಬೆಡ್ಡು. ಕೆಲಸವೆಲ್ಲ ಚಕ್ಕಿನ ಹತ್ತಿರವೇ ನಡೆಯುವುದರಿಂದ ಸವೆತವೂ ಅಲ್ಲಿಯೇ ಹೆಚ್ಚು. ಸ್ಯಾಡಲನ್ನು ಚಕ್ಕಿನ ಬಳಿ ಸಡಿಲವಿಲ್ಲದಂತೆ ಬಿಗಿಮಾಡಿ, ಮತ್ತೊಂದು ತುದಿಗೆ ಸರಿಸಬೇಕು. ಅಲ್ಲಿ ಸಿಕ್ಕಿಕೊಂಡರೆ ಬೆಡ್ಡು ಸವೆದಿದೆಯೆಂದು ತಿಳಿಯಬೇಕು. ಅಂಥ ಲೇತಿನಲ್ಲಿ ಉದ್ದನೆಯ ಶಾಫ್ಟು ಒಂದೇ ಗಾತ್ರಕ್ಕೆ ಬಾರದು. ಬೆಡ್ಡನ್ನು ಮತ್ತೆ ಗ್ರೈಂಡ್ ಮಾಡಿಸುವುದು ದೊಡ್ಡ ವೆಚ್ಚದ ಕೆಲಸ. ಎರಡನೆಯದು ಸ್ಪಿಂಡಲ್. ಡಯಲ್ ಗೇಜು ಹಚ್ಚಿ, ಮರದ ತುಂಡಿನಿಂದ ಚಕ್ಕನ್ನು ಮೇಲಕ್ಕೆತ್ತಿದಾಗ ಮುಳ್ಳು ಎಷ್ಟು ಸರಿಯುವುದೆಂದು ನೋಡಬೇಕು. ಕೈಯಿಂದ ತಿರುವಿದಾಗ ಗರಗರ ಸದ್ದಾದರೆ ಬೇರಿಂಗನ್ನು ಶಂಕಿಸಬೇಕು. ಮೂರನೆಯದು ಗೇರುಗಳು. ಎತ್ತಿನ ಹಲ್ಲು ಎಣಿಸುವವರು ಗೇರಿನ ಹಲ್ಲನ್ನು ಎಣಿಸದೆ ಬರಬಾರದು.

ಬಿಡಿ ಗೇರುಗಳ ಪೆಟ್ಟಿಗೆಯನ್ನೂ ಕೇಳಬೇಕು. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನಾದದ್ದು 1956ರಲ್ಲಿ. ಹಳೆಯ ಲೇತುಗಳಲ್ಲಿ ಅನೇಕವು ಅಂಗುಲದ ಲೀಡ್ ಸ್ಕ್ರೂ ಉಳ್ಳವು. ಒಂದು ಅಂಗುಲವೆಂದರೆ 25.4 ಮಿಲಿಮೀಟರು, ಅದನ್ನು 5ರಿಂದ ಗುಣಿಸಿದರೆ 127. ಅಂಥ ಲೇತಿನಲ್ಲಿ ಮಿಲಿಮೀಟರಿನ ಥ್ರೆಡ್ಡನ್ನು ಕರಾರುವಾಕ್ಕಾಗಿ ಕೊಯ್ಯಲು 127 ಹಲ್ಲಿನ ಗೇರು ಬೇಕಾಗುವುದು ಇದೇ ಕಾರಣದಿಂದ.

ಇನ್ನು ಬೆಲೆಯ ವಿಚಾರ. ನಡೆಸಿ ನೋಡದ ಮೋಟಾರನ್ನು ಸುಟ್ಟದ್ದೆಂದೇ ಲೆಕ್ಕ ಹಿಡಿಯಬೇಕು. ಕ್ರೇನು, ಲಾರಿ, ಪಾಯ, ಮೂರು ಫೇಸಿನ ಸಂಪರ್ಕ, ಇವುಗಳ ಖರ್ಚನ್ನು ಕೂಡಿಸಿ, ನಡೆಯುತ್ತಿರುವ ಹಳೆಯ ಲೇತಿನ ಬೆಲೆಯೊಡನೆ ಹೋಲಿಸಬೇಕು. ಸಾಧ್ಯವಿದ್ದರೆ ಅರ್ಧ ದಿನದ ಮಟ್ಟಿಗೆ ಜನರೇಟರನ್ನು ಬಾಡಿಗೆಗೆ ತಂದು, ಒಂದು ಸರಳನ್ನು ಕಡೆದು, ಎರಡೂ ತುದಿಗಳನ್ನು ಮೈಕ್ರೊಮೀಟರಿನಿಂದ ಅಳೆಯುವುದು ಲೇಸು. ಖರ್ಚು ಕೊಳ್ಳುವವನದೇ ಆದರೂ ಮಾರುವವನು ಒಪ್ಪದಿದ್ದರೆ, ಭಂಗಾರದ ತೂಕದ ಬೆಲೆಗಿಂತ ಒಂದು ಪೈಸೆಯನ್ನೂ ಹೆಚ್ಚು ಕೊಡಕೂಡದು.

ಎಲ್ಲಕ್ಕಿಂತ ಮೊದಲು, ಊರಿನಲ್ಲಿ ಪಂಪಿನ ಶಾಫ್ಟು, ಟ್ರೇಲರಿನ ಪಿನ್ನು, ಬುಶ್ಶುಗಳ ಕೆಲಸ ತಿಂಗಳಿಗೆ ಎಷ್ಟು ದೊರೆಯುವುದೆಂದು ಬರೆದಿಟ್ಟುಕೊಳ್ಳಬೇಕು. ಆ ಆದಾಯದಲ್ಲಿ ಅಡವಿನ ಬಡ್ಡಿ ತೀರಿ ಮನೆಗೂ ನಾಲ್ಕು ಕಾಸು ಉಳಿಯುವಂತಿದ್ದರೆ ಮುಂದುವರಿಯಲಿ. ಇಲ್ಲವಾದರೆ ಇನ್ನೊಬ್ಬರ ವರ್ಕ್‌ಶಾಪಿನಲ್ಲಿ ಎರಡು ವರ್ಷ ದುಡಿದು ಕೈ ಪಳಗಿಸಿಕೊಳ್ಳಲಿ. ಮಾರಾಟಕ್ಕೆ ಲೇತು ಮತ್ತೊಂದು ಬರುತ್ತದೆ. ಅಡವಿನಲ್ಲಿ ಮುಳುಗಿದ ಬಂಗಾರ ಸುಲಭವಾಗಿ ಮರಳಿ ಬಾರದು.