ಮೇಣ ಹೋದ ಮೇಲೆ ಉಳಿಯುವ ಅಚ್ಚು

ಚೆನ್ನೈನ ಎಗ್ಮೋರ್‌ನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದ ಕಂಚಿನ ವಿಭಾಗದಲ್ಲಿ ಚೋಳರ ಕಾಲದ ನಟರಾಜ ಮೂರ್ತಿಗಳಿವೆ. ಅವೆಲ್ಲ ಮೊದಲು ಮೇಣದಲ್ಲಿ ಮೈತಳೆದವು. ಶಿಲ್ಪಿ ಮೇಣದ ಮೂರ್ತಿಗೆ ಮಣ್ಣು ಮೆತ್ತಿ ಕಾಯಿಸುತ್ತಾನೆ. ಮೇಣ ಕರಗಿ ಹರಿದುಹೋಗುತ್ತದೆ, ಆ ಟೊಳ್ಳಿಗೆ ಲೋಹ ಇಳಿಯುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ ‘ಮಾನಸೋಲ್ಲಾಸ’ದಲ್ಲಿ ಈ ಎರಕದ ವಿಧಾನವನ್ನು ವಿವರಿಸಿದ್ದಾನೆ. ಸ್ವಾಮಿಮಲೈನ ಸ್ಥಪತಿಗಳು ಇಂದಿಗೂ ಹೀಗೆಯೇ ಎರಕ ಹೊಯ್ಯುತ್ತಾರೆ.

ಚೆನ್ನೈನ ದಕ್ಷಿಣ ಭಾಗದಲ್ಲಿ, ಗಿಂಡಿಯ ಪ್ರಯೋಗಾಲಯಗಳಲ್ಲಿ, ಇದೇ ಉಪಾಯ ಬೇರೊಂದು ಅಳತೆಯಲ್ಲಿ ನಡೆಯುತ್ತದೆ. ಇಲ್ಲಿ ಮೇಣದ ಬದಲು ಸಾಬೂನಿನ ಜಾತಿಯ ಅಣುಗಳು, ಮಣ್ಣಿನ ಬದಲು ಸಿಲಿಕಾ. ಸಾಬೂನು ಸುಟ್ಟುಹೋದ ಮೇಲೆ ಯಾರೂ ಲೋಹ ಸುರಿಯುವುದಿಲ್ಲ. ಇವರಿಗೆ ಬೇಕಾದದ್ದು ಆ ಖಾಲಿ ಅಚ್ಚೇ.

ಸಾಬೂನಿನ ಅಣುವಿಗೆ ನೀರನ್ನು ಇಷ್ಟಪಡುವ ತಲೆ, ನೀರಿಗೆ ಹೆದರುವ ಬಾಲ. ನೀರಿನಲ್ಲಿ ಇವುಗಳ ಸಂಖ್ಯೆ ಒಂದು ಮಿತಿ ದಾಟಿದೊಡನೆ ಬಾಲಗಳನ್ನು ಒಳಗೆ ಬಚ್ಚಿಟ್ಟು, ತಲೆ ಹೊರಗಿಟ್ಟು ಗುಂಪಾಗುತ್ತವೆ. ಇನ್ನೂ ಹೆಚ್ಚಿದರೆ ಆ ಗುಂಪುಗಳು ಉದ್ದನೆಯ ಕಡ್ಡಿಗಳಾಗಿ, ಕಟ್ಟಿಗೆ ಪೇರಿಸಿದಂತೆ ಒತ್ತಾಗಿ ಕೂರುತ್ತವೆ. ಕಡ್ಡಿಗಳ ಸಂದಿಯಲ್ಲಿ ಸಿಲಿಕಾ ಗಟ್ಟಿಯಾದ ಮೇಲೆ ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿದರೆ ಸಾಬೂನು ಉರಿದುಹೋಗಿ ಜೇನಿನ ಎರಿಯಂಥ ಷಟ್ಕೋನ ಜೋಡಣೆಯ ಕೊಳವೆಗಳು ಉಳಿಯುತ್ತವೆ. ಕೊಳವೆಯ ಅಗಲ ಎರಡರಿಂದ ನಾಲ್ಕು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಇದರ ಸುಮಾರು ಇಪ್ಪತ್ತು ಸಾವಿರ ಪಟ್ಟು.

ಈ ವಸ್ತು ಲೋಕಪ್ರಸಿದ್ಧವಾದದ್ದು 1992ರಲ್ಲಿ, ಅಮೆರಿಕದ ಮೊಬಿಲ್ ತೈಲ ಕಂಪನಿಯ ವಿಜ್ಞಾನಿಗಳು ‘ಎಂಸಿಎಂ-41’ ಎಂಬ ಹೆಸರಿನಲ್ಲಿ ಪ್ರಕಟಿಸಿದಾಗ. ತೈಲ ಶುದ್ಧೀಕರಣದಲ್ಲಿ ಬಳಸುವ ಜಿಯೋಲೈಟ್‌ಗಳ ರಂಧ್ರ ಒಂದು ನ್ಯಾನೊಮೀಟರಿಗೂ ಕಿರಿದು. ದೊಡ್ಡ ಅಣುಗಳು ಅದರೊಳಗೆ ನುಗ್ಗಲಾರವು. ಅಗಲವಾದ ಬಾಗಿಲು ಬೇಕಿತ್ತು. ಜಪಾನಿನ ವಸೇದಾ ವಿಶ್ವವಿದ್ಯಾಲಯದ ತಂಡ 1990ರಲ್ಲೇ ಇಂಥದೊಂದನ್ನು ಮಾಡಿತ್ತು. ಅದಕ್ಕೂ ಹಿಂದೆ, 1971ರಲ್ಲಿ ಮಂಜೂರಾದ ಒಂದು ಅಮೆರಿಕನ್ ಪೇಟೆಂಟಿನಲ್ಲಿದ್ದ ಕ್ರಮವನ್ನು 1997ರಲ್ಲಿ ಫ್ರಾನ್ಸಿನ ಸಂಶೋಧಕರು ಹಾಗೆಯೇ ಮಾಡಿ ನೋಡಿದಾಗ ಸಿಕ್ಕಿದ್ದೂ ಇದೇ ವಸ್ತು. ಪೇಟೆಂಟ್ ಬರೆದವರು ಗಮನಿಸಿದ್ದು ಪುಡಿ ಹಗುರವಾಗಿದೆ ಎಂಬುದನ್ನಷ್ಟೇ. ಒಳಗಿನ ಕ್ರಮ ಅವರ ಕಣ್ಣಿಗೆ ಬೀಳಲಿಲ್ಲ.

ಇಂಥ ಪುಡಿಯ ಒಂದು ಗ್ರಾಂ ತೆಗೆದುಕೊಂಡು ಅದರ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನು! ರಾಸಾಯನಿಕ ಕ್ರಿಯೆಗಳು ನಡೆಯಲು ಇಷ್ಟು ಜಾಗ ಸಿಗುವುದರಿಂದಲೇ ಗಿಂಡಿಯ ಅಣ್ಣಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು 2000ದ ದಶಕದಲ್ಲಿ ಎಂಸಿಎಂ-41 ಅನ್ನು ವೇಗವರ್ಧಕವಾಗಿ ಪಳಗಿಸಲು ವರ್ಷಗಟ್ಟಲೆ ದುಡಿದರು. ಪಕ್ಕದ ಐಐಟಿ ಮದ್ರಾಸಿನಲ್ಲಿ 2006ರಲ್ಲಿ ರಾಷ್ಟ್ರೀಯ ವೇಗವರ್ಧಕ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಯೂ ಈ ಬಗೆಯ ಸಿಲಿಕಾ ಸಂಶೋಧನೆಯ ಒಂದು ವಿಷಯ.

ಇದೇ ಸಿಲಿಕಾವನ್ನು ಪುಡಿಯಾಗಿಸುವುದಕ್ಕಿಂತ ತೆಳು ಪದರವಾಗಿಸುವುದು ನಾಜೂಕಿನ ಕೆಲಸ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಜೆಫ್ರಿ ಬ್ರಿಂಕರ್ ತಂಡ 1997ರಲ್ಲಿ ತೋರಿಸಿದ ದಾರಿ ಹೀಗಿದೆ. ಸಿಲಿಕಾದ ಮೂಲವಸ್ತು, ಆಲ್ಕೊಹಾಲ್, ನೀರು, ತುಸು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸಾಬೂನಿನಂಥ ಅಣು ಸೇರಿಸಿದ ತೆಳು ದ್ರಾವಣಕ್ಕೆ ಗಾಜಿನ ಪಟ್ಟಿಯನ್ನೋ ಸಿಲಿಕಾನ್ ಬಿಲ್ಲೆಯನ್ನೋ ಅದ್ದಿ ನಿಧಾನವಾಗಿ ಮೇಲೆತ್ತಬೇಕು. ಅಂಟಿಕೊಂಡ ದ್ರಾವಣದಿಂದ ಆಲ್ಕೊಹಾಲ್ ಆರುತ್ತಿದ್ದಂತೆ ಸಾಬೂನು ಸಾಂದ್ರವಾಗುತ್ತದೆ, ಅಣುಗಳು ಗುಂಪಾಗುತ್ತವೆ, ಸಾಲು ಹಿಡಿಯುತ್ತವೆ. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ. ಮಳೆನೀರಿನ ಮೇಲೆ ಬಿದ್ದ ಎಣ್ಣೆಯಂತೆ ಪದರದ ಮೇಲೆ ಬಣ್ಣಗಳು ಓಡಿ ಹೋಗುತ್ತವೆ. ಆಮ್ಲ ಏಕೆ ಬೇಕು? ಸಿಲಿಕಾ ಆತುರದಲ್ಲಿ ಗಟ್ಟಿಯಾದರೆ ಅಣುಗಳಿಗೆ ಸಾಲುಗೂಡಲು ಪುರಸೊತ್ತೇ ಸಿಗದು. ಪಿಎಚ್ 2ರ ಸುಮಾರಿಗೆ ಅದು ತೀರಾ ನಿಧಾನವಾಗಿ ಗಟ್ಟಿಯಾಗುತ್ತದೆ.

ಇಲ್ಲಿ ಚೆನ್ನೈನ ಹವೆಯೂ ಪಾಲುದಾರ. ಆರುತ್ತಿರುವ ಪದರ ಸುತ್ತಲಿನ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ, ಬಿಟ್ಟುಕೊಡುತ್ತದೆ. ತೇವಾಂಶ ಬದಲಾದರೆ ರಂಧ್ರಗಳ ಜೋಡಣೆಯೇ ಬದಲಾಗುತ್ತದೆ. ಒಂದೇ ದ್ರಾವಣದಿಂದ ಒಮ್ಮೆ ಷಟ್ಕೋನ ಜೋಡಣೆ ಬಂದರೆ ಇನ್ನೊಮ್ಮೆ ಘನಾಕೃತಿಯ ಜೋಡಣೆ ಬರಬಹುದು. ಕಡಲತಡಿಯ ಈ ಊರಿನಲ್ಲಿ ಬೆಳಗಿನ ತೇವಾಂಶ ಶೇ 70 ದಾಟುವುದು ಮಾಮೂಲು. ಆದ್ದರಿಂದ ತೇವಾಂಶ ಹಿಡಿತದಲ್ಲಿರುವ ಮುಚ್ಚಿದ ಪೆಟ್ಟಿಗೆಯಿಲ್ಲದೆ ಇಲ್ಲಿ ಅಕ್ಟೋಬರಿನ ಹಿಂಗಾರಿನಲ್ಲೂ ಮೇ ತಿಂಗಳಲ್ಲೂ ಒಂದೇ ಪದರ ಸಿಗುತ್ತದೆಂದು ನಂಬುವಂತಿಲ್ಲ. ತಯಾರಾದ ಮೇಲೂ ತೇವ ಬಿಡದು: ಕಿರುರಂಧ್ರಗಳಲ್ಲಿ ನೀರಾವಿ ಬಲು ಸುಲಭವಾಗಿ ಹನಿಗಟ್ಟುತ್ತದೆ.

ಇದು ಒಮ್ಮೆ ವರ, ಒಮ್ಮೆ ತೊಡಕು. ತೇವಾಂಶ ಅಳೆಯುವ ಸಂವೇದಕಕ್ಕೆ ವರ. ಸೌರಫಲಕದ ಗಾಜಿಗೆ ತೊಡಕು. ಬರಿಯ ಗಾಜು ತನ್ನ ಪ್ರತಿ ಮೈಯಿಂದಲೂ ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಅದನ್ನು ತಡೆಯಲು 1.22ರಷ್ಟು ವಕ್ರೀಭವನಾಂಕದ ಲೇಪ ಬೇಕು. ಗಟ್ಟಿ ಸಿಲಿಕಾದ್ದು 1.46. ಒಳಗೆ ಅರ್ಧದಷ್ಟು ಗಾಳಿ ತುಂಬಿದ ರಂಧ್ರಮಯ ಪದರ ಆ ಅಂಕೆಗೆ ಇಳಿಯುತ್ತದೆ. ಗಾಳಿಯ ಜಾಗಕ್ಕೆ ನೀರು ಬಂದರೆ ಅಂಕೆ ಮತ್ತೆ ಏರುತ್ತದೆ. ಅದಕ್ಕಾಗಿ ರಂಧ್ರಗಳ ಗೋಡೆಗೆ ನೀರು ಹತ್ತದಂತೆ ರಾಸಾಯನಿಕ ಲೇಪ ಕೊಡುತ್ತಾರೆ.

ಈ ಪದರ ಮಾಡುವುದು ಅಗ್ಗ, ನೋಡುವುದು ದುಬಾರಿ. ಸಾಲು ಸರಿಯಾಗಿದೆಯೇ ಎಂದು ತಿಳಿಯಲು ಎಕ್ಸ್‌ರೇ ವಿವರ್ತನ ಯಂತ್ರ ಬೇಕು. ನಾಲ್ಕು ನ್ಯಾನೊಮೀಟರ್ ಅಂತರದ ಸಾಲುಗಳಿದ್ದರೆ ಸುಮಾರು ಎರಡು ಡಿಗ್ರಿ ಕೋನದಲ್ಲಿ ಒಂದು ಚೂಪು ಶಿಖರ ಏಳುತ್ತದೆ. ರಂಧ್ರಗಳನ್ನು ಕಣ್ಣಾರೆ ಕಾಣಲು ಬೇಕಾದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸಣ್ಣ ಕಾಲೇಜುಗಳ ಕೈಗೆಟುಕದು. ಆದರೆ ಐಐಟಿ ಮದ್ರಾಸಿನ ಆವರಣದಲ್ಲಿರುವ ಸುಧಾರಿತ ವಿಶ್ಲೇಷಣಾ ಉಪಕರಣಗಳ ಕೇಂದ್ರ ಹೊರಗಿನವರ ಮಾದರಿಗಳನ್ನೂ ಶುಲ್ಕ ಪಡೆದು ಪರೀಕ್ಷಿಸಿ ಕೊಡುತ್ತದೆ. ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಹುಡುಕುತ್ತಿರುವ ಕನ್ನಡ ನಾಡಿನ ಮೇಷ್ಟ್ರುಗಳು ಒಂದು ಗಾಜಿನ ಪಟ್ಟಿ ಅದ್ದಿಸಿ, ಅಂಥ ಕೇಂದ್ರಕ್ಕೆ ಕಳಿಸಿ ನೋಡಬೇಕು.