ಕರಡು ಅಧಿಸೂಚನೆಗೆ ಆಕ್ಷೇಪಣೆ ಬರೆಯುವುದು ಹೇಗೆ?

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ 2024ರ ಜುಲೈ 31ರವರೆಗೆ ಆರು ಸಲ ಹೊರಬಿದ್ದಿದೆ. ಪ್ರತಿ ಸಲವೂ ಸಕಲೇಶಪುರ, ಆಲೂರು ಸೀಮೆಯಲ್ಲಿ ಆತಂಕ, ಸಭೆ, ಮನವಿ. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಆಕ್ಷೇಪಣೆ, ಸಲಹೆಗೆ 60 ದಿನದ ಅವಕಾಶವಿದೆ. ಆ ಅವಧಿಯಲ್ಲಿ ದೆಹಲಿಗೆ ಹೋಗುವ ಕಾಗದದಲ್ಲಿ ಏನಿರಬೇಕು ಎಂಬುದನ್ನು ಮಾತ್ರ ನಾವು ಕೂತು ಯೋಚಿಸುವುದು ಕಡಿಮೆ.

'ಈ ವರದಿ ರೈತವಿರೋಧಿ, ಕೈಬಿಡಿ' ಎಂದು ಒಂದೇ ಒಕ್ಕಣೆಯ ಸಾವಿರ ಪ್ರತಿ ಕಳಿಸಿದರೂ ಓದುವ ಅಧಿಕಾರಿಗೆ ಸಿಗುವುದು ಒಂದೇ ಮಾತು. ಅದರಿಂದ ವಿರೋಧವಿದೆ ಎಂದು ತಿಳಿಯುತ್ತದೆ. ಕರಡಿನ ಗ್ರಾಮಗಳ ಪಟ್ಟಿಯಲ್ಲಿ ಯಾವ ಸಾಲು ತಿದ್ದಬೇಕೆಂದು ತಿಳಿಯುವುದಿಲ್ಲ.

ಮೊದಲು ಕರಡನ್ನೇ ಓದಿ. ಅದು ತಡೆಯುವುದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಹೊಸ ಕಟ್ಟಡ. ಕಾಫಿ ತೋಟ, ಗದ್ದೆ ಬೇಸಾಯ ಆ ನಿಷೇಧದಲ್ಲಿಲ್ಲ. ಇಲ್ಲದ ನಿಷೇಧದ ವಿರುದ್ಧ ಬರೆದರೆ ಇದ್ದ ಪ್ರಶ್ನೆಯೂ ಹಗುರಾಗುತ್ತದೆ.

ಗಟ್ಟಿ ಪ್ರಶ್ನೆ ಇರುವುದು ಹಳ್ಳಿಗಳ ಆಯ್ಕೆಯಲ್ಲಿ. ಈ ಕರಡಿಗೆ ಆಧಾರವಾದ ವರದಿ ಕೊಟ್ಟ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ಆಧರಿಸಿ, ಶೇ. 20 ಅಥವಾ ಹೆಚ್ಚು ಸೂಕ್ಷ್ಮ ಪ್ರದೇಶವಿರುವ ಗ್ರಾಮವನ್ನು ಇಡಿಯಾಗಿ ಸೇರಿಸಿತು. ನಮ್ಮ ಕಡೆ ಕಾಫಿ ಬೆಳೆಯುವುದು ಮರಗಳ ನೆರಳಲ್ಲಿ. ಮೇಲಿನಿಂದ ನೋಡಿದರೆ ತೋಟಕ್ಕೂ ಕಾಡಿಗೂ ವ್ಯತ್ಯಾಸ ಹಿಡಿಯುವುದು ಕಷ್ಟ. ಇದನ್ನು ನೆಲದ ಮೇಲಿಂದ ತೋರಿಸಬಲ್ಲವರು ಊರಿನವರೇ. ಹಾಗಾಗಿ ಕಾಗದ ಹೀಗಿರಲಿ: 'ಹೆತ್ತೂರು ಹೋಬಳಿಯ ಇಂಥ ಗ್ರಾಮ, ಇಂಥಿಂಥ ಸರ್ವೆ ನಂಬರುಗಳು. ಪಹಣಿಯಲ್ಲಿ ಕಾಫಿ ಎಂದಿದೆ, ಪ್ರತಿ ಲಗತ್ತಿಸಿದೆ. ಇವನ್ನು ತೆಗೆದರೆ ಉಳಿಯುವ ಸೂಕ್ಷ್ಮ ಪ್ರದೇಶ ಶೇಕಡಾ ಇಷ್ಟು, 20ಕ್ಕಿಂತ ಕಡಿಮೆ. ಗ್ರಾಮವನ್ನು ಪಟ್ಟಿಯಿಂದ ಬಿಡಬೇಕು.' ಗ್ರಾಮಸಭೆಯ ಠರಾವಿನ ಪ್ರತಿಯಿದ್ದರೆ ಇನ್ನೂ ಒಳ್ಳೆಯದು. ಗ್ರಾಮ ನಕ್ಷೆಯಲ್ಲಿ ಆ ನಂಬರುಗಳಿಗೆ ಬಣ್ಣ ಹಚ್ಚಿ ಕಳಿಸಿದರೆ ಅಧಿಕಾರಿ ಹುಡುಕಬೇಕಾಗಿಲ್ಲ.

ಕರಡನ್ನು ಒಪ್ಪುವವರೂ ಬರೆಯಬೇಕು, ಇದನ್ನು ನಾನು ಒತ್ತಿ ಹೇಳುತ್ತೇನೆ. ಊರ ಹಳ್ಳದ ತಲೆಯಲ್ಲಿ ಕ್ವಾರಿ ಬಂದು ಬೇಸಿಗೆಗೆ ನೀರು ನಿಂತಿದ್ದರೆ, ಅದೂ ಸರ್ವೆ ನಂಬರ್, ಫೋಟೊ, ತಾರೀಖಿನ ಸಮೇತ ಹೋಗಲಿ. ಆನೆ ಓಡಾಡುವ ಜಾಡು ತಿಳಿದವರು ಅದನ್ನೂ ಗುರುತಿಸಲಿ. ಕೇಳಿದ ಸುದ್ದಿ, ಕಣ್ಣಾರೆ ಕಂಡದ್ದು ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ.

ಒಂದು ಕಾಗದಕ್ಕೆ ಎರಡು ಪುಟ ಸಾಕು, ಲಗತ್ತು ಬೇರೆ. ವಿಳಾಸ ಕರಡಿನಲ್ಲೇ ಇರುತ್ತದೆ. ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಕೂಡ ಹಾಕಿ ರಶೀದಿ ಇಟ್ಟುಕೊಳ್ಳಿ. ಅಂಚೆ ತಲುಪುವ ದಿನಗಳನ್ನು 60ರೊಳಗೇ ಲೆಕ್ಕ ಹಾಕಿ.