ಜನರೇಟರ್ ಕೋಣೆಗೆ ಕಳ್ಳ ಬರಬಾರದು, ಗಾಳಿ ಬರಬೇಕು

ಕರೆಂಟು ನಂಬಿ ಕೂತರೆ ಕೆಲಸ ಆಗೋದಿಲ್ಲ ಅಂತ ಹಳ್ಳಿಗಳಲ್ಲೂ ಜನರೇಟರ್ ಬಂದಿವೆ. ನಮ್ಮಲ್ಲಿ ನಾಲ್ಕು ಮನೆಯವರು ಸೇರಿ ನವಣೆ, ಸಾಮೆ ಹೊಟ್ಟು ತೆಗೆಯುವ ಯಂತ್ರ ಹಾಕಿಕೊಂಡಿದ್ದೇವೆ. ಅದಕ್ಕೊಂದು 25 ಕೆವಿಎ ಡೀಸೆಲ್ ಜನರೇಟರ್ ಇದೆ.

ಜನರೇಟರ್ ಕೊಳ್ಳುವಾಗ ನಾಲ್ಕು ಕಡೆ ರೇಟು ವಿಚಾರಿಸ್ತೀವಿ. ಕೋಣೆ ಮಾತ್ರ ಕಳ್ಳರ ಭಯ ನೋಡಿ ಕಟ್ಟಿಸ್ತೀವಿ. ನಾಲ್ಕು ಗೋಡೆ, ಒಂದು ಬಾಗಿಲು, ಕಿಟಕಿ ಇಲ್ಲ. ಇದು ಜೀವಕ್ಕೇ ಅಪಾಯ.

ಕಾಣದ ವಿಷ

ಇಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನೋ ಅನಿಲ ಇರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆನೋವು, ತಲೆಸುತ್ತು, ವಾಂತಿ. ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ಹಾಗೆ ಆದವರನ್ನು ಕೂಡಲೇ ಬಯಲಿಗೆ ತಂದು ಆಸ್ಪತ್ರೆಗೆ ಒಯ್ಯಿರಿ. ಜನರೇಟರ್ ಕೋಣೆಯಲ್ಲಿ ಕಾವಲಿಗೂ ಯಾರೂ ಮಲಗಬಾರದು. ಚಿಕ್ಕ ಪೆಟ್ರೋಲ್ ಜನರೇಟರಿನಲ್ಲಿ ಈ ವಿಷ ಇನ್ನೂ ಜಾಸ್ತಿ. ಅದನ್ನು ಬಯಲಲ್ಲೇ ನಡೆಸಬೇಕು, ವರಾಂಡದಲ್ಲೂ ಬೇಡ.

ಆದ್ದರಿಂದ ಹೊಗೆ ಪೈಪು ಕೋಣೆ ದಾಟಿ ಸೂರಿನ ಮೇಲೆ ಹೋಗಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದಕ್ಕೊಂದು ಲೆಕ್ಕ ಕೊಟ್ಟಿದೆ. ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿ; ಬಂದಷ್ಟು ಮೀಟರ್ ಕಟ್ಟಡಕ್ಕಿಂತ ಮೇಲಿರಬೇಕು. 25ರ ವರ್ಗಮೂಲ 5, ಅಂದ್ರೆ 1 ಮೀಟರ್. ಪೈಪು ಕೆಂಡದಂತೆ ಕಾಯುತ್ತೆ. ಗ್ಲಾಸ್ ವೂಲ್ ಸುತ್ತಿಸಿ, ಮರದ ತೊಲೆಗೆ, ಗರಿಗೆ ತಾಗದ ಹಾಗೆ ನೋಡಿಕೊಳ್ಳಿ. ಮಳೆನೀರು ಇಳಿಯದಂತೆ ಮೇಲೆ ಟೋಪಿ ಇರಲಿ.

ಗಾಳಿಗೆ ಎರಡು ದಾರಿ

ಸುಟ್ಟ ಡೀಸೆಲ್‌ನ ಸುಮಾರು ಮೂರನೇ ಒಂದು ಪಾಲಷ್ಟೇ ಕರೆಂಟಾಗುತ್ತೆ. ಉಳಿದದ್ದೆಲ್ಲ ಶಾಖ. ಅದು ಹೊರಗೆ ಹೋಗದಿದ್ದರೆ ಇಂಜಿನ್ ಕಾದು ನಿಲ್ಲುತ್ತೆ. ರೇಡಿಯೇಟರ್ ಎದುರಿನ ಗೋಡೆಯಲ್ಲಿ ಬಿಸಿಗಾಳಿ ಹೋಗುವ ಕಿಂಡಿ, ಅದರ ಎದುರು ಗೋಡೆಯಲ್ಲಿ ತಂಪುಗಾಳಿ ಬರುವ ಕಿಂಡಿ. ಬರುವ ಕಿಂಡಿ ರೇಡಿಯೇಟರಿನ ಒಂದೂವರೆ ಪಟ್ಟಾದರೂ ಇರಬೇಕು. ರೇಡಿಯೇಟರ್ 4 ಚದರಡಿ ಇದ್ದರೆ ಕಿಂಡಿ 6 ಚದರಡಿ. ಜಾಲರಿ ಹಾಕಿದರೆ ಇನ್ನೂ ದೊಡ್ಡದು. ಕಳ್ಳರಿಗೆ ಗಟ್ಟಿ ಕಬ್ಬಿಣದ ಗ್ರಿಲ್ ಸಾಕು, ಗೋಡೆಯೇ ಬೇಕಿಲ್ಲ. ಆಷಾಢದ ಗಾಳಿ ಪಡುವಣದಿಂದ ಬೀಸುತ್ತೆ. ಹೋಗುವ ಕಿಂಡಿ ಆ ಕಡೆ ಇಟ್ಟರೆ ಬಿಸಿಗಾಳಿ ಒಳಕ್ಕೇ ತಿರುಗುತ್ತೆ.

ಜನರೇಟರ್ ಸುತ್ತ 3 ಅಡಿ ಜಾಗ ಬಿಡಿ. ಬಾಗಿಲು ಹೊರಕ್ಕೆ ತೆರೆಯಲಿ. ಡೀಸೆಲ್ ಡ್ರಮ್ಮು, ಹೊಟ್ಟು, ಗೋಣಿಚೀಲ ಒಳಗೆ ಬೇಡ. ಡೀಸೆಲ್ ಬೆಂಕಿಗೆ ನೀರು ಹೊಯ್ದರೆ ಹರಡುತ್ತೆ. ಮರಳಿನ ಬಕೆಟ್ ಮತ್ತು ಪುಡಿ ಚಿಮ್ಮುವ ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಬಳಿ ಇರಲಿ.

ಕಂಬದ ಮೇಲಿರುವವನ ಜೀವ

ಜನರೇಟರ್ ವೈರನ್ನು ನೇರ ಬೋರ್ಡಿಗೆ ಸಿಕ್ಕಿಸುವ ಅಭ್ಯಾಸ ಕೆಲವು ಕಡೆ ಇದೆ. ಮೇನ್ ಸ್ವಿಚ್ ತೆಗೆಯಲು ಮರೆತರೆ ಕರೆಂಟು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರ್ ದಾಟಿ 11,000 ವೋಲ್ಟ್ ಆಗಿ ಲೈನಿಗೆ ಏರಬಹುದು. ಲೈನ್ ಸತ್ತಿದೆ ಅಂತ ಕಂಬ ಹತ್ತಿದ ಲೈನ್‌ಮನ್‌ಗೆ ಇದು ಗೊತ್ತಿರೋದಿಲ್ಲ. ಚೇಂಜ್ ಓವರ್ ಸ್ವಿಚ್ ಹಾಕಿಸಲೇಬೇಕು. ಒಂದು ಸಲಕ್ಕೆ ಒಂದೇ ಕರೆಂಟು ಬರುವಂತೆ ಅದು ತಡೆಯುತ್ತೆ. ಜನರೇಟರಿನ ಮೈಗೆ ಎರಡು ಪ್ರತ್ಯೇಕ ಅರ್ಥಿಂಗ್ ಇರಬೇಕು ಅನ್ನೋದೂ ಕಾನೂನೇ.

ಕೋಣೆಯ ನಕ್ಷೆಯನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಗೆ ಮೊದಲೇ ತೋರಿಸಿ. ಅನುಮತಿ ಏನೇನು ಬೇಕು ಅಂತ ವಿದ್ಯುತ್ ಪರಿವೀಕ್ಷಕರ ಕಚೇರಿಯಲ್ಲಿ ವಿಚಾರಿಸಿ. ಆಮೇಲೆ ಪಾಯ ತೆಗೆಸಿ. ಕಟ್ಟಿದ ಗೋಡೆ ಒಡೆಯೋದಕ್ಕಿಂತ ಕಿಂಡಿ ಬಿಟ್ಟು ಕಟ್ಟೋದು ಅಗ್ಗ.